ಹೆಸರಿಲ್ಲದ ಕಾರ್ಡ್, ಒಳಗೆ ಯಮಹಾ ಚಿಪ್: ಮೂರು ತಿಂಗಳು ಬಳಸಿದ ಮೇಲೆ

ಹಳೆ ಕಂಪ್ಯೂಟರಿಗೆ ಸದ್ದು ಕೊಡುವ ಈ ಸೌಂಡ್ ಕಾರ್ಡಿನ ಮೇಲೆ ಅದನ್ನು ಮಾಡಿದವರ ಹೆಸರು ಎಲ್ಲೂ ಇಲ್ಲ. ಹಸಿರು ಬೋರ್ಡು, ಅಂಗೈಗಿಂತ ಸ್ವಲ್ಪ ಉದ್ದ. ನಡುವೆ ಒಂದು ಚೌಕದ ಚಿಪ್, ಅದರ ಮೇಲೆ ಯಮಹಾ ವೈಎಂಎಫ್719 ಅಂತ ಬರೆದಿದೆ. ಮಾರಿದವರು ಇದಕ್ಕೆ "ಮೋಡೆಮ್" ಅಂತ ಚೀಟಿ ಅಂಟಿಸಿದ್ದರು. ಹಿಂಬದಿಯಲ್ಲಿ ಮೂರು ಆಡಿಯೋ ತೂತು, ಪಕ್ಕದಲ್ಲಿ 15 ಪಿನ್ನಿನ ಜಾಯ್‌ಸ್ಟಿಕ್ ಪೋರ್ಟ್. ಮೋಡೆಮ್ಮಿಗೆ ಜಾಯ್‌ಸ್ಟಿಕ್ ಯಾಕೆ ಬೇಕು ಅಂತ ಅವರು ಯೋಚಿಸಿರಲಿಲ್ಲ. ನಾನು ತುಟಿ ಬಿಚ್ಚದೆ ತೆಗೆದುಕೊಂಡು ಬಂದೆ.

ಹಾಕಿದ್ದು ಪೆಂಟಿಯಂ ಎಂಎಂಎಕ್ಸ್ 166ರ ಮೆಷಿನ್ನಿಗೆ. 32 ಎಂಬಿ ರ‍್ಯಾಮ್, ಡಾಸ್ 6.22 (ಆಜ್ಞೆ ಬರೆದು ನಡೆಸುವ ಹಳೆ ಆಪರೇಟಿಂಗ್ ಸಿಸ್ಟಂ), ಮೂರು ಐಎಸ್‌ಎ ಸ್ಲಾಟು (ಹಳೆ ಥರದ ಕಾರ್ಡ್ ಸಿಕ್ಕಿಸುವ ಜಾಗ). ಅದರಲ್ಲಿ ಮೊದಲು ಒಂದು ಸೌಂಡ್ ಬ್ಲಾಸ್ಟರ್ 16 ಇತ್ತು. ಹಳೆ ಆಟ ಆಡುವವರಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ಅದೇ. ಹಾಗಿದ್ದ ಮೇಲೆ ಅದನ್ನು ಕಿತ್ತು ಈ ಅನಾಮಧೇಯ ಕಾರ್ಡನ್ನು ಯಾಕೆ ಕೂರಿಸಿದೆ ಅನ್ನುವುದೇ ಈ ಬರಹ.

ನಾನು ಜಾಸ್ತಿ ಆಡುವುದು 1988ರಿಂದ 1994ರವರೆಗಿನ ಆಟಗಳನ್ನು. ಆ ಕಾಲದ ಆಟಗಳಿಗೆ ಗೊತ್ತಿದ್ದ ಕಾರ್ಡುಗಳು ಕೆಲವೇ. 1987ರ ಆಡ್‌ಲಿಬ್, ಅದರಲ್ಲಿ ಇದ್ದದ್ದು ಸಂಗೀತ ಮಾತ್ರ. 1989ರ ಸೌಂಡ್ ಬ್ಲಾಸ್ಟರ್, ಅದರಲ್ಲಿ ಆಡ್‌ಲಿಬ್‌ನ ಸಂಗೀತದ ಜೊತೆಗೆ ರೆಕಾರ್ಡ್ ಮಾಡಿದ ಸದ್ದೂ ಬರುತ್ತಿತ್ತು. 1991ರ ಸೌಂಡ್ ಬ್ಲಾಸ್ಟರ್ ಪ್ರೊ, ಅದು ಸ್ಟೀರಿಯೋ. ಆಮೇಲೆ 1992ರಲ್ಲಿ 16 ಬಂತು. ಹೊಸದು ಹಳೆಯದರ ಕೆಲಸವನ್ನೆಲ್ಲ ಮಾಡಬೇಕು ಅಲ್ವಾ? ಮಾಡುವುದಿಲ್ಲ. ಪ್ರೊ ಕಾರ್ಡಿಗೆ ಅಂತ ಬರೆದ ಸ್ಟೀರಿಯೋ ಸದ್ದು 16ರಲ್ಲಿ ಮೋನೋ ಆಗಿ ಬರುತ್ತದೆ. ಎಡಗಡೆ ಬಾಗಿಲು ತೆರೆದರೂ ಬಲಗಡೆ ತೆರೆದರೂ ಸದ್ದು ನಡುವಿನಿಂದಲೇ. ವೈಎಂಎಫ್719 ಆಡುವ ಪಾತ್ರ ಪ್ರೊ ಕಾರ್ಡಿನದ್ದು. ನನ್ನ ಆಟಗಳಿಗೆ ಅದೇ ಸರಿ ಹೊಂದುತ್ತದೆ.

ಎರಡನೇ ಕಾರಣ ಸಂಗೀತ. ಆ ಕಾಲದ ಆಟದ ಸಂಗೀತ ರೆಕಾರ್ಡ್ ಮಾಡಿದ್ದಲ್ಲ. ಆಟ ಚಿಪ್ಪಿಗೆ ಸೂಚನೆ ಕೊಡುತ್ತದೆ: ಈ ಸ್ವರ, ಇಷ್ಟು ಹೊತ್ತು, ಈ ಥರದ ಏರಿಳಿತ. ಚಿಪ್ ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಾಡಿಸಿ ದನಿ ಹುಟ್ಟಿಸುತ್ತದೆ. ಇದಕ್ಕೆ ಎಫ್‌ಎಂ ಅಂತ ಹೆಸರು, ರೇಡಿಯೋದ ಎಫ್‌ಎಂ ಜೊತೆ ಗಲಿಬಿಲಿ ಮಾಡಿಕೊಳ್ಳಬೇಡಿ. ಆಡ್‌ಲಿಬ್‌ನಲ್ಲಿ ಇದ್ದದ್ದು ಯಮಹಾದ ವೈಎಂ3812, ಒಂಬತ್ತು ದನಿ. ಜನ ಅದನ್ನು ಓಪಿಎಲ್2 ಅನ್ನುತ್ತಾರೆ. ನಂತರದ ವೈಎಂಎಫ್262, ಅಂದರೆ ಓಪಿಎಲ್3, ಹದಿನೆಂಟು ದನಿ ಕೊಡುತ್ತಿತ್ತು, ಅದೂ ಸ್ಟೀರಿಯೋದಲ್ಲಿ. ಆಮೇಲಾಮೇಲೆ ಬಂದ ಎಷ್ಟೋ ಕಾರ್ಡುಗಳಲ್ಲಿ ಯಮಹಾ ಚಿಪ್ ಬಿಟ್ಟು ಅದರ ಅನುಕರಣೆ ಹಾಕಿದರು. ಕೆಲವು ಅನುಕರಣೆ ಚೆನ್ನಾಗಿಯೇ ಇದೆ. ಕೆಲವದರಲ್ಲಿ ತಾಳ ಬಡಿದರೆ ಸ್ಟೀಲ್ ತಟ್ಟೆ ಬಿದ್ದ ಹಾಗೆ ಕೇಳಿಸುತ್ತದೆ. ವೈಎಂಎಫ್719ರ ಒಳಗೆ ಇರುವುದು ಯಮಹಾದ ಅಸಲಿ ಓಪಿಎಲ್3. ಒಂದೇ ಚಿಪ್ಪಿನಲ್ಲಿ ಸಂಗೀತ, ಸದ್ದು, ಮಿಕ್ಸರ್ (ದನಿಗಳ ಮಟ್ಟ ಹೊಂದಿಸುವ ಭಾಗ), ಜಾಯ್‌ಸ್ಟಿಕ್ ಎಲ್ಲ ಮುಗಿಯುವುದರಿಂದ ಬೋರ್ಡು ಇಷ್ಟು ಚಿಕ್ಕದು.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕು, ಮೊದಲ ದಿನ ಇದು ನನ್ನ ಕಿವಿಯನ್ನು ಸುಟ್ಟುಬಿಟ್ಟಿತು.

ಹಾಕುವ ಮುಂಚೆ ಮಾಡಿದ ಕೆಲಸ ಎಲ್ಲರೂ ಮಾಡುವಂಥದ್ದೇ. ಸ್ಲಾಟಿನೊಳಗೆ ಹೋಗುವ ಚಿನ್ನದ ಬಣ್ಣದ ಪಟ್ಟಿಗಳು ಕಪ್ಪಾಗಿದ್ದವು. ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒರೆಸಿದೆ. ಹೋಗದ ಕಡೆ ಮೆತ್ತನೆ ರಬ್ಬರಿನಿಂದ ನಿಧಾನಕ್ಕೆ ಉಜ್ಜಿದೆ. ಜೋರಾಗಿ ಉಜ್ಜಿದರೆ ಚಿನ್ನದ ಲೇಪವೇ ಹೋಗುತ್ತದೆ, ಎಚ್ಚರ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಮತ್ತೆ ಒರೆಸಬೇಕು. ಉಬ್ಬಿದ ಅಥವಾ ಸೋರಿದ ಕೆಪ್ಯಾಸಿಟರ್ ಇದೆಯಾ ಅಂತ ನೋಡಿದೆ, ಇರಲಿಲ್ಲ. ವಿಡಿಯೋ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿನಲ್ಲಿ ಕೂರಿಸಿ, ಸ್ಕ್ರೂ ಬಿಗಿದು, ಹೆಡ್‌ಫೋನ್ ಸಿಕ್ಕಿಸಿ, ಸ್ವಿಚ್ ಒತ್ತಿದೆ.

ಸುಯ್ ಅಂತ ಒಂದು ಸದ್ದು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತ ಹಾಗೆ. ಹಾರ್ಡ್ ಡಿಸ್ಕ್ ಓದಿದಾಗಲೆಲ್ಲ ಅದರ ಮೇಲೆ ಕಿರ್ ಕಿರ್. ಮೌಸ್ ಅಲ್ಲಾಡಿಸಿದರೂ ಕೇಳಿಸುತ್ತದೆ. ಆಟದ ಸಂಗೀತ ಇದೆಲ್ಲದರ ಹಿಂದೆ ಎಲ್ಲೋ ನಡೆಯುತ್ತಿತ್ತು.

ಇದು ಯಮಹಾ ಚಿಪ್ಪಿನ ತಪ್ಪಲ್ಲ. ಆ ಕಾಲದ ಎಷ್ಟೋ ಸೌಂಡ್ ಕಾರ್ಡುಗಳಲ್ಲಿ ಕೊನೆಯ ಹಂತದಲ್ಲಿ ಒಂದು ಆಂಪ್ಲಿಫೈಯರ್ ಇರುತ್ತಿತ್ತು. ಪವರ್ ಇಲ್ಲದ ಸಣ್ಣ ಸ್ಪೀಕರನ್ನು ನೇರ ಕಾರ್ಡಿಗೇ ಸಿಕ್ಕಿಸಲಿ ಅಂತ ಇದನ್ನು ಹಾಕುತ್ತಿದ್ದರು. ಅಗ್ಗದ ಆಂಪ್ಲಿಫೈಯರ್ ಸಂಗೀತವನ್ನೂ ದೊಡ್ಡದು ಮಾಡುತ್ತದೆ, ಮದರ್‌ಬೋರ್ಡಿನ ಗಲಾಟೆಯನ್ನೂ ದೊಡ್ಡದು ಮಾಡುತ್ತದೆ. ಈಗಿನ ಸ್ಪೀಕರುಗಳಲ್ಲಿ ಅವುಗಳದ್ದೇ ಆಂಪ್ಲಿಫೈಯರ್ ಇರುತ್ತದೆ, ಕಾರ್ಡಿನದ್ದು ಬೇಕಿಲ್ಲ. ಕಾರ್ಡನ್ನು ಮತ್ತೆ ಹೊರಗೆ ತೆಗೆದು ಲೈಟಿನ ಕೆಳಗೆ ಹಿಡಿದೆ. ಆಡಿಯೋ ತೂತುಗಳ ಹಿಂದೆ ಹದಿನಾರು ಕಾಲಿನ ಒಂದು ಚಿಪ್, ಅದರ ಪಕ್ಕ ಮೂರು ಮೂರು ಪಿನ್ನಿನ ಎರಡು ಸಾಲು, ಎರಡರ ಮೇಲೂ ಪುಟ್ಟ ಜಂಪರು, ಅಂದರೆ ಎರಡು ಪಿನ್ನನ್ನು ಜೋಡಿಸುವ ಟೊಪ್ಪಿ. ಅವುಗಳನ್ನು ಒಂದು ಪಿನ್ ಆಚೆ ಸರಿಸಿದರೆ ಸದ್ದು ಆಂಪ್ಲಿಫೈಯರಿನ ಮೂಲಕ ಹೋಗದೆ ನೇರವಾಗಿ ಲೈನ್ ಔಟ್‌ಗೆ ಹೋಗುತ್ತದೆ. ಎರಡನ್ನೂ ಸರಿಸಬೇಕು, ಒಂದು ಎಡಗಿವಿಯ ಸದ್ದಿನದ್ದು, ಒಂದು ಬಲಗಿವಿಯದ್ದು. ನಾನು ಮೊದಲ ಸಲ ಒಂದನ್ನೇ ಸರಿಸಿ, ಎಡಗಿವಿಗೆ ಮಳೆ, ಬಲಗಿವಿಗೆ ಬಿಸಿಲು ಅನ್ನುವ ಹಾಗೆ ಮಾಡಿಕೊಂಡಿದ್ದೆ.

ಜಂಪರ್ ಸರಿಸಿದ ಮೇಲೆ ಸುಯ್ ಸದ್ದು ಬಹುಪಾಲು ಹೋಯಿತು. ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ವಾಲ್ಯೂಮ್ ಕೊನೆಯವರೆಗೆ ಏರಿಸಿ ಕಿವಿಗೊಟ್ಟರೆ ಹಾರ್ಡ್ ಡಿಸ್ಕ್ ಗೊಣಗುವುದು ಈಗಲೂ ಕೇಳಿಸುತ್ತದೆ. ಮೈಕ್ ಮತ್ತು ಲೈನ್ ಇನ್ ಎರಡನ್ನೂ ಮಿಕ್ಸರಿನಲ್ಲಿ ಸೊನ್ನೆ ಮಾಡಿದ ಮೇಲೆ ಅದೂ ಅರ್ಧಕ್ಕರ್ಧ ಕಡಿಮೆ ಆಯಿತು. ಉಪಯೋಗಿಸದ ಇನ್‌ಪುಟ್ ತೆರೆದಿಟ್ಟರೆ ಅಲ್ಲಿಂದಲೂ ಕಸ ಒಳಗೆ ಬರುತ್ತದೆ. ಇಂಥ ಕಾರ್ಡ್ ಕೊಳ್ಳುವವರು ಮೊದಲು ನೋಡಬೇಕಾದ್ದು ಆ ಎರಡು ಜಂಪರ್ ಇವೆಯಾ ಅನ್ನುವುದನ್ನು. ಜಂಪರ್ ಇಲ್ಲದ ಬೋರ್ಡುಗಳೂ ಇರುತ್ತವೆ. ಅಂಥವಕ್ಕೆ ಬೆಸುಗೆ ಕಡ್ಡಿ ಹಿಡಿಯಬೇಕಾಗುತ್ತದೆ.

ಇನ್ನು ಐಆರ್‌ಕ್ಯೂ ಪುರಾಣ. ಐಆರ್‌ಕ್ಯೂ ಅಂದರೆ ಕಾರ್ಡ್ ಪ್ರೊಸೆಸರನ್ನು ಕರೆಯುವ ಗಂಟೆ, ಒಂದೊಂದಕ್ಕೂ ಒಂದು ಸಂಖ್ಯೆ. ಇದರಲ್ಲಿ ನನ್ನ ಒಂದು ಭಾನುವಾರ ಹೋಯಿತು.

ಡೂಮ್ ಶುರು ಮಾಡಿದೆ. ಸಂಗೀತ ಬಂತು, ಅದ್ಭುತವಾಗಿ ಬಂತು. ಬಂದೂಕು ಹೊಡೆದೆ, ಸದ್ದಿಲ್ಲ. ಬಾಗಿಲು ತೆರೆದೆ, ಸದ್ದಿಲ್ಲ. ಇನ್ನೊಂದು ಆಟ ಹಾಕಿದೆ. ಅದರಲ್ಲಿ ಮೊದಲ ಸದ್ದಿನ ಚೂರು ಬಂದು, ಅದೇ ಚೂರು ಮತ್ತೆ ಮತ್ತೆ ತಿರುಗಿ, ಮೆಷಿನ್ ನಿಂತೇ ಹೋಯಿತು. ಕಾರ್ಡ್ ಕೆಟ್ಟಿದೆ ಅಂತ ಮೂರು ಸಲ ಕಿತ್ತು ಹಾಕಿದೆ. ಕೆಟ್ಟಿರಲಿಲ್ಲ. ಈಗ ಯಾರಾದರೂ ಈ ಲಕ್ಷಣ ಹೇಳಿದರೆ ಕಣ್ಣು ಮುಚ್ಚಿ ಉತ್ತರ ಹೇಳುತ್ತೇನೆ. ಎಫ್‌ಎಂ ಸಂಗೀತಕ್ಕೆ ಐಆರ್‌ಕ್ಯೂ ಬೇಡ, ಡಿಎಂಎ (ಪ್ರೊಸೆಸರಿನ ಕೈ ಇಲ್ಲದೆ ಮೆಮೊರಿಯಿಂದ ಕಾರ್ಡಿಗೆ ಇರುವ ದಾರಿ) ಬೇಡ. ಆಟವೇ ಪ್ರೊಸೆಸರಿನ ಮೂಲಕ 388 ಅನ್ನುವ ಪೋರ್ಟಿಗೆ, ಅಂದರೆ ಕಾರ್ಡಿನ ವಿಳಾಸಕ್ಕೆ, ಸೂಚನೆ ಬರೆಯುತ್ತದೆ, ಚಿಪ್ ಹಾಡುತ್ತದೆ. ಗುಂಡಿನ ಸದ್ದಿನ ದಾರಿ ಬೇರೆ. ಅದು ಮೆಮೊರಿಯಿಂದ ಡಿಎಂಎ ಚಾನೆಲ್ಲಿನಲ್ಲಿ ಕಾರ್ಡಿಗೆ ಹರಿಯುತ್ತದೆ. ಒಂದು ತುಂಡು ಮುಗಿದಾಗ ಕಾರ್ಡ್ ಐಆರ್‌ಕ್ಯೂ ಎಳೆದು "ಮುಗೀತು, ಮುಂದಿನದು ಕೊಡಿ" ಅನ್ನುತ್ತದೆ. ಆ ಕರೆ ಬೇರೆಯವರ ಬಾಗಿಲಿಗೆ ಹೋದರೆ ಆಟಕ್ಕೆ ಗೊತ್ತೇ ಆಗುವುದಿಲ್ಲ, ಮುಂದಿನ ತುಂಡು ಬರುವುದೇ ಇಲ್ಲ. ಹಾಗಾಗಿ ಸಂಗೀತ ಇದ್ದು ಸದ್ದು ಇಲ್ಲದಿದ್ದರೆ ಕಾರ್ಡನ್ನು ಬೈಯಬೇಡಿ, ಐಆರ್‌ಕ್ಯೂ ನೋಡಿ.

ನನ್ನ ಮೆಷಿನ್ನಿನಲ್ಲಿ 5ನೇ ಐಆರ್‌ಕ್ಯೂ ಮೇಲೆ ಕೂತಿದ್ದು ಪಿಸಿಐ (ಐಎಸ್‌ಎ ನಂತರ ಬಂದ ಸ್ಲಾಟು) ನೆಟ್‌ವರ್ಕ್ ಕಾರ್ಡ್. ಬಯೋಸ್ (ಸ್ವಿಚ್ ಹಾಕಿದ ತಕ್ಷಣ ಮೆಷಿನ್ ಎಬ್ಬಿಸುವ ಪ್ರೋಗ್ರಾಂ) ತಾನಾಗಿಯೇ ಅದಕ್ಕೆ ಹಂಚಿಬಿಟ್ಟಿತ್ತು. ಪಿಸಿಐ ಕಾರ್ಡುಗಳು ಐಆರ್‌ಕ್ಯೂ ಹಂಚಿಕೊಂಡು ಬಾಳುತ್ತವೆ, ಐಎಸ್‌ಎ ಕಾರ್ಡುಗಳಿಗೆ ಆ ಅಭ್ಯಾಸ ಇಲ್ಲ. ಬಯೋಸಿನ ಪಿಎನ್‌ಪಿ (ಪ್ಲಗ್ ಅಂಡ್ ಪ್ಲೇ) ಪುಟಕ್ಕೆ ಹೋಗಿ ಐಆರ್‌ಕ್ಯೂ 5 ಮತ್ತು ಡಿಎಂಎ 1 ಎರಡನ್ನೂ ಲೆಗಸಿ ಐಎಸ್‌ಎ ಅಂತ ಕಾದಿರಿಸಿದೆ. ನೆಟ್‌ವರ್ಕ್ ಕಾರ್ಡ್ 11ಕ್ಕೆ ಹೋಯಿತು. ಐದು ನಿಮಿಷದ ಕೆಲಸ, ಗೊತ್ತಿದ್ದರೆ.

7 ಯಾಕೆ ಬೇಡ ಅಂತ ಕೇಳಬಹುದು. 7 ರೂಢಿಯಿಂದ ಪ್ರಿಂಟರ್ ಪೋರ್ಟಿನದ್ದು. ಡಾಸ್‌ನಲ್ಲಿ ಪ್ರಿಂಟರಿಗೆ ಐಆರ್‌ಕ್ಯೂ ಬೇಕಾಗುವುದು ಅಪರೂಪ, ಅದಕ್ಕೇ 7 ಸಹ ಎಷ್ಟೋ ಸಲ ನಡೆದುಹೋಗುತ್ತದೆ. ತುಂಬ ಹಳೆಯ ಕೆಲವು ಆಟಗಳು ಕೇಳದೆಯೇ 7 ಅಂದುಕೊಳ್ಳುತ್ತವೆ. ಅವುಗಳಿಗಾಗಿ ಒಂದು ಬೇರೆ ಬ್ಯಾಚ್ ಫೈಲ್ ಇಟ್ಟಿದ್ದೇನೆ, ಅದು ಕಾರ್ಡನ್ನು 7ಕ್ಕೆ ತಿರುಗಿಸುತ್ತದೆ. ಇದು ಪ್ಲಗ್ ಅಂಡ್ ಪ್ಲೇ ಕಾರ್ಡ್ ಆಗಿರುವುದರಿಂದ ಜಂಪರ್ ಮುಟ್ಟದೆ ಹೀಗೆ ಮಾಡಬಹುದು.

ಪ್ಲಗ್ ಅಂಡ್ ಪ್ಲೇ ಅನ್ನುವ ಹೆಸರು ಡಾಸ್‌ನಲ್ಲಿ ಒಂದು ತಮಾಷೆ. ವಿಂಡೋಸ್ 95 ಆದರೆ ತಾನೇ ಕಾರ್ಡನ್ನು ಎಬ್ಬಿಸುತ್ತದೆ. ಡಾಸ್ ಎಬ್ಬಿಸುವುದಿಲ್ಲ. ಸ್ವಿಚ್ ಹಾಕಿದ ಮೇಲೆ ಯಾವುದಾದರೂ ಒಂದು ಪ್ರೋಗ್ರಾಂ ಕಾರ್ಡಿಗೆ "ನಿನ್ನ ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1" ಅಂತ ಹೇಳಬೇಕು. ಅಲ್ಲಿಯವರೆಗೆ ಅದು ಮಲಗಿರುತ್ತದೆ. ಯಮಹಾದ್ದೇ ಸೆಟಪ್‌ಎಸ್‌ಎ ಅನ್ನುವ ಪ್ರೋಗ್ರಾಂ ಇದೆ. ನೀಲಿ ಮೆನುವಿನ ಹಳೆ ಶೈಲಿ, ಕೆಲಸ ಮಾಡುತ್ತದೆ. ನಾನು ಈಗ ಬಳಸುವುದು ಯೂನಿಸೌಂಡ್. ಹಳೆ ಕಂಪ್ಯೂಟರ್ ಪ್ರಿಯರೇ ಇತ್ತೀಚಿನ ವರ್ಷಗಳಲ್ಲಿ ಮಾಡಿದ್ದು. ಬೇರೆ ಬೇರೆ ಚಿಪ್ಪಿನ ಐಎಸ್‌ಎ ಪ್ಲಗ್ ಅಂಡ್ ಪ್ಲೇ ಕಾರ್ಡುಗಳನ್ನೆಲ್ಲ ಇದೊಂದೇ ಪ್ರೋಗ್ರಾಂ ಎಬ್ಬಿಸುತ್ತದೆ. ಪೋರ್ಟ್, ಐಆರ್‌ಕ್ಯೂ, ಡಿಎಂಎ ಇವುಗಳನ್ನು ನಾವು ಬರೆದಿಟ್ಟ ಬ್ಲಾಸ್ಟರ್ ಅನ್ನುವ ಸಾಲನ್ನು ಓದಿಕೊಂಡು ಅದರಂತೆ ಕಾರ್ಡನ್ನು ಹೊಂದಿಸಿ, ವಾಲ್ಯೂಮ್ ಇಟ್ಟು, ಹೊರಟುಹೋಗುತ್ತದೆ.

ಹೊರಟುಹೋಗುತ್ತದೆ ಅನ್ನುವುದು ಮುಖ್ಯ. ಡಾಸ್ ಆಟ ಆಡಿದವರಿಗೆ 640 ಕೆಬಿ ಮೆಮೊರಿಯ ಸಂಕಟ ಗೊತ್ತು. ಮೌಸಿಗೆ ಒಂದಿಷ್ಟು, ಸಿಡಿ ಡ್ರೈವಿಗೆ ಒಂದಿಷ್ಟು, ಆಮೇಲೆ ಆಟ "ಮೆಮೊರಿ ಸಾಲದು" ಅಂತ ಮುಖ ತಿರುಗಿಸುತ್ತದೆ. ಈ ಕಾರ್ಡಿಗಾಗಿ ಮೆಮೊರಿಯಲ್ಲಿ ಒಂದು ಬೈಟೂ ಕೂತಿರುವುದಿಲ್ಲ. ಹೊಂದಿಸಿದ ಮೇಲೆ ಆಟ ಮತ್ತು ಕಾರ್ಡ್ ನೇರ ಮಾತಾಡಿಕೊಳ್ಳುತ್ತವೆ. ಇದರ ಬೆಲೆ ಗೊತ್ತಾಗಬೇಕೆಂದರೆ ಪಿಸಿಐ ಸೌಂಡ್ ಕಾರ್ಡೊಂದನ್ನು ಡಾಸ್‌ನಲ್ಲಿ ಹಾಕಿ ನೋಡಿ. ಹೆಚ್ಚಿನವು ಹಳೆ ಕಾರ್ಡಿನ ವೇಷ ಹಾಕಲು ಮೆಮೊರಿಯಲ್ಲಿ ಒಂದು ಪ್ರೋಗ್ರಾಂ ಕೂರಿಸಿಯೇ ತೀರುತ್ತವೆ.

ನನ್ನ ಆಟೋಎಕ್ಸೆಕ್ ಫೈಲಿನಲ್ಲಿ (ಡಾಸ್ ಶುರುವಾಗುವಾಗ ತಾನೇ ನಡೆಸುವ ಫೈಲ್) ಈ ಕಾರ್ಡಿಗೆ ಇರುವುದು ಎರಡೇ ಸಾಲು. ಮೊದಲನೆಯದು ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಪಿ330 ಟಿ4. ಎರಡನೆಯದು ಯೂನಿಸೌಂಡ್. ಕ್ರಮ ತಪ್ಪಬಾರದು, ಸಾಲು ಓದುವ ಮುಂಚೆ ಸಾಲು ಇರಬೇಕಲ್ಲ. ಎ ಅಂದರೆ ಪೋರ್ಟ್, ಐ ಐಆರ್‌ಕ್ಯೂ, ಡಿ ಡಿಎಂಎ, ಪಿ ಮಿಡಿ (ವಾದ್ಯಗಳಿಗೆ ಸ್ವರದ ಸೂಚನೆ ಕಳಿಸುವ ಪದ್ಧತಿ) ಪೋರ್ಟ್. ಟಿ ಅಂದರೆ ಕಾರ್ಡಿನ ಜಾತಿ. 4 ಅಂದರೆ ಸೌಂಡ್ ಬ್ಲಾಸ್ಟರ್ ಪ್ರೊ, 6 ಅಂದರೆ 16. ಹಳೆ ಕಾರ್ಡಿನ ಸಾಲನ್ನು ಹಾಗೇ ಬಿಟ್ಟು ಟಿ6 ಅಂತ ಉಳಿಸಿಕೊಂಡರೆ ಕೆಲವು ಆಟ 16 ಬಿಟ್ಟಿನ ಸದ್ದು ಕಳಿಸಲು ಹೋಗಿ ಎಡವುತ್ತವೆ. ನಾನು ಎಡವಿದ್ದೇನೆ.

ಈಗ ಆಟಗಳು.

ಪ್ರಿನ್ಸ್ ಆಫ್ ಪರ್ಷಿಯಾ ಮೊದಲು ಹಾಕಿದೆ, ಅಣ್ಣ ಬಂದಿದ್ದ ಅಂತ. ನಾವಿಬ್ಬರೂ ಚಿಕ್ಕಂದಿನಲ್ಲಿ ಇದನ್ನು ಆಡಿದ್ದು ಸೌಂಡ್ ಕಾರ್ಡ್ ಇಲ್ಲದ ಮೆಷಿನ್ನಿನಲ್ಲಿ. ಎಲ್ಲವೂ ಬೀಪ್. ಬಿದ್ದರೆ ಬೀಪ್, ಸತ್ತರೆ ಇನ್ನೊಂದು ಥರದ ಬೀಪ್. ಮೊದಲ ಕಾವಲುಗಾರನ ಕತ್ತಿಗೆ ಕತ್ತಿ ತಾಗಿ ಖಣ್ ಅಂದಾಗ ಅಣ್ಣ ಕೀಬೋರ್ಡಿನಿಂದ ಕೈ ತೆಗೆದ.

"ಏನೋ ಇದು, ಈ ಆಟದಲ್ಲಿ ಕತ್ತಿಗೆ ಸದ್ದಿತ್ತಾ?"

"ಇತ್ತು ಅಣ್ಣಾ. ನಮಗೆ ಕಾರ್ಡ್ ಇರಲಿಲ್ಲ ಅಷ್ಟೇ."

ಅಷ್ಟರಲ್ಲಿ ಕಾವಲುಗಾರ ಅವನನ್ನು ಕೊಂದಿದ್ದ.

ಡ್ಯೂನ್ 2, 1992ರ ಆಟ. ಇದರ ಸೆಟಪ್ಪಿನಲ್ಲಿ ಸಂಗೀತಕ್ಕೆ ಒಂದು, ಸದ್ದಿಗೆ ಒಂದು, ಮಾತಿಗೆ ಒಂದು ಅಂತ ಬೇರೆ ಬೇರೆ ಸಾಧನ ಕೇಳುತ್ತದೆ. ಸಂಗೀತಕ್ಕೆ ಆಡ್‌ಲಿಬ್, ಮಾತಿಗೆ ಸೌಂಡ್ ಬ್ಲಾಸ್ಟರ್ ಕೊಟ್ಟೆ. ಎಫ್‌ಎಂ ಸಂಗೀತ ಹೇಗಿರಬೇಕು ಅಂತ ಕೇಳುವವರಿಗೆ ನಾನು ಇದನ್ನೇ ಹಾಕಿ ತೋರಿಸುವುದು. ಕೆಳಸ್ಥಾಯಿ ತುಂಬಿಕೊಂಡು ಬರುತ್ತದೆ, ತಾಳದ ಪೆಟ್ಟು ಚೂಪಾಗಿ ಬೀಳುತ್ತದೆ, ಒಂದರ ಮೇಲೊಂದು ಮೆತ್ತಿಕೊಳ್ಳುವುದಿಲ್ಲ. ಚಿಪ್ಪಿನಲ್ಲಿ 3ಡಿ ಎಫೆಕ್ಟ್ ಅಂತ ಒಂದು ಇದೆ. ದನಿಯನ್ನು ಅಗಲ ಮಾಡುತ್ತದೆ ಅಂತ ಹೆಸರು. ನನ್ನ ಕಿವಿಗೆ ಅದು ಸಂಗೀತವನ್ನು ಪಾತ್ರೆಯೊಳಗೆ ಇಟ್ಟ ಹಾಗೆ ಕೇಳಿಸಿತು. ಮೊದಲ ದಿನವೇ ಆಫ್ ಮಾಡಿದೆ, ಮತ್ತೆ ಮುಟ್ಟಿಲ್ಲ.

ಡೂಮ್ ವಿಷಯಕ್ಕೆ ಬಂದರೆ, ಈ ಕಾರ್ಡ್ 8 ಬಿಟ್ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಡೂಮ್ 1993ರದ್ದು, ಆಗ 16 ಬಿಟ್ ಕಾರ್ಡ್ ಮಾರುಕಟ್ಟೆಯಲ್ಲಿ ಇತ್ತು. ಆದರೂ ಆಟದೊಳಗಿನ ಸದ್ದುಗಳು 8 ಬಿಟ್, ಸೆಕೆಂಡಿಗೆ 11,025 ಮಾದರಿ. ಬಾವಿಯಲ್ಲಿ ಇರುವಷ್ಟೇ ತಾನೇ ಕೊಡಕ್ಕೆ ಬರುವುದು? 16 ಬಿಟ್ ಕಾರ್ಡಿನಲ್ಲಿ ಮಿಶ್ರಣ ಒಂಚೂರು ನಯವಾಗಿರಬಹುದು. ಎರಡು ಕಾರ್ಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ, ಬಂದೂಕಿನ ಗದ್ದಲದಲ್ಲಿ ನನಗೆ ವ್ಯತ್ಯಾಸ ಹಿಡಿಯಲಾಗಲಿಲ್ಲ. ಸೆಟಪ್ಪಿನಲ್ಲಿ ಒಟ್ಟಿಗೆ ಎಷ್ಟು ಸದ್ದು ಬೇಕು ಅಂತ ಕೇಳಿದಾಗ 8 ಕೊಡಿ, ಪೆಂಟಿಯಂಗೆ ಅದೇನೂ ಭಾರವಲ್ಲ.

ಕ್ವೇಕ್ ಸ್ವಲ್ಪ ಬೇರೆ. 1996ರ ಈ ಆಟಕ್ಕೆ ಸೌಂಡ್ ಸೆಟಪ್ಪೇ ಇಲ್ಲ. ಅದು ಬ್ಲಾಸ್ಟರ್ ಸಾಲನ್ನು ಓದಿಕೊಂಡು ಕಾರ್ಡನ್ನು ಹುಡುಕುತ್ತದೆ. ಸಾಲು ಇಲ್ಲದಿದ್ದರೆ ಮೌನ, ಯಾಕೆ ಅಂತ ಹೇಳುವುದೂ ಇಲ್ಲ. ಇದರ ಸಂಗೀತ ಸಿಡಿಯಲ್ಲೇ ಆಡಿಯೋ ಹಾಡಾಗಿ ಇದೆ. ಅದು ಕೇಳಬೇಕಾದರೆ ಸಿಡಿ ಡ್ರೈವಿನ ಹಿಂಬದಿಯಿಂದ ಸೌಂಡ್ ಕಾರ್ಡಿಗೆ ನಾಲ್ಕು ತಂತಿಯ ಸಣ್ಣ ಕೇಬಲ್ ಹಾಕಬೇಕು. ಎಷ್ಟೋ ಜನ ಇದನ್ನು ಮರೆತು, ಕ್ವೇಕ್‌ನಲ್ಲಿ ಸಂಗೀತವೇ ಇಲ್ಲ ಅಂದುಕೊಂಡಿರುತ್ತಾರೆ. ನನ್ನ ಕಾರ್ಡಿನ ಮೇಲೆ ಆ ಕೇಬಲಿಗೆ ಎರಡು ಥರದ ಜಾಗ ಇದೆ, ಒಂದು ದೊಡ್ಡದು, ಒಂದು ಸಣ್ಣದು. ಇದನ್ನು ಮಾಡಿದವರು ಯಾರೋ, ಅವರಿಗೆ ಈ ಒಂದು ವಿಷಯಕ್ಕೆ ಒಳ್ಳೆಯದಾಗಲಿ.

ಹಳೆ ಆಟ, ವೇಗದ ಮೆಷಿನ್, ಇವೆರಡರ ಜಗಳ ಕಾರ್ಡಿನದ್ದಲ್ಲ, ಆದರೂ ಹೇಳಿಬಿಡುತ್ತೇನೆ. ಓಪಿಎಲ್2 ಚಿಪ್ಪಿಗೆ ಒಂದು ಸೂಚನೆ ಬರೆದ ಮೇಲೆ ಸ್ವಲ್ಪ ಹೊತ್ತು ಕಾಯಬೇಕಿತ್ತು, 23 ಮೈಕ್ರೋಸೆಕೆಂಡ್. ಕೆಲವು ಆಟ ಬರೆದವರು ಆ ಕಾಯುವಿಕೆಯನ್ನು ಪ್ರೊಸೆಸರಿನ ವೇಗದ ಲೆಕ್ಕದಲ್ಲಿ ಬರೆದುಬಿಟ್ಟರು. 286ರಲ್ಲಿ ಸರಿಯಾಗಿದ್ದ ಲೆಕ್ಕ ಪೆಂಟಿಯಂನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ಆಟ "ಆಡ್‌ಲಿಬ್ ಸಿಗಲಿಲ್ಲ" ಅನ್ನುತ್ತದೆ. ಬಯೋಸಿನಲ್ಲಿ ಕ್ಯಾಶ್ (ಪ್ರೊಸೆಸರಿನ ವೇಗದ ಪುಟ್ಟ ಮೆಮೊರಿ) ಆಫ್ ಮಾಡಿ ಮೆಷಿನ್ ನಿಧಾನ ಮಾಡಿದರೆ ಕಾರ್ಡ್ ಸಿಗುತ್ತದೆ. ಕಾರ್ಡ್ ಬದಲಾಯಿಸಲು ಓಡಬೇಡಿ.

ಬೋರ್ಡಿನ ಮೇಲಂಚಿನಲ್ಲಿ ಎರಡು ಸಾಲಿನಲ್ಲಿ ಒಟ್ಟು 26 ಪಿನ್ ಇವೆ. ಮಿಡಿ ಸಂಗೀತದ ಇನ್ನೊಂದು ಸಣ್ಣ ಬೋರ್ಡನ್ನು (ಡಾಟರ್‌ಬೋರ್ಡ್) ಇವುಗಳ ಮೇಲೆ ಕೂರಿಸಬಹುದು. ಅದರಲ್ಲಿ ಪಿಯಾನೋ, ಡ್ರಮ್, ತಂತಿವಾದ್ಯಗಳ ನಿಜವಾದ ಮಾದರಿಗಳು ಇರುತ್ತವೆ. ಸ್ನೇಹಿತನ ಹತ್ತಿರ ಎರವಲು ತಂದು ಒಂದು ವಾರ ಹಾಕಿದ್ದೆ. ಪೋರ್ಟ್ 330 ಕೊಟ್ಟು ಜನರಲ್ ಮಿಡಿ ಅಂತ ಆರಿಸಿದರೆ ಮುಗೀತು. ಇಲ್ಲೂ ಈ ಕಾರ್ಡಿಗೆ ಒಂದು ಮೇಲುಗೈ. ಸೌಂಡ್ ಬ್ಲಾಸ್ಟರ್ 16ರ ಕೆಲವು ಆವೃತ್ತಿಗಳಲ್ಲಿ ಸದ್ದು ಮತ್ತು ಮಿಡಿ ಒಟ್ಟಿಗೆ ನಡೆಯುವಾಗ ಒಂದು ಸ್ವರ ಸಿಕ್ಕಿಹಾಕಿಕೊಂಡು ನಿಲ್ಲದೆ ಕೂಗುತ್ತದೆ. ಇದು ಹಳೆ ಕಾರ್ಡಿನವರಿಗೆಲ್ಲ ಗೊತ್ತಿರುವ ಸಂಗತಿ. ವೈಎಂಎಫ್719ರಲ್ಲಿ ಒಂದು ವಾರ ಒಂದು ಸ್ವರವೂ ಸಿಕ್ಕಿಕೊಳ್ಳಲಿಲ್ಲ. ಆದರೆ 80ರ ದಶಕದ ಕೊನೆಯ ಕೆಲವು ಆಟಗಳು ರೋಲಂಡ್ ಕಂಪನಿಯ ಮಿಡಿ ಸಾಧನವಾದ ಎಂಪಿಯು-401ರ ಇಂಟೆಲಿಜೆಂಟ್ ಮೋಡ್ ಕೇಳುತ್ತವೆ. ಅದು ಈ ಕಾರ್ಡಿನಲ್ಲಿ ಇಲ್ಲ. ಸಾಫ್ಟ್‌ಎಂಪಿಯು ಅನ್ನುವ ಪ್ರೋಗ್ರಾಂ ಆ ಕೊರತೆ ತುಂಬುತ್ತದೆ, ಬದಲಿಗೆ ಇಎಂಎಂ386 (ಡಾಸ್‌ನ ಮೆಮೊರಿ ನೋಡಿಕೊಳ್ಳುವ ಪ್ರೋಗ್ರಾಂ) ಬೇಕು ಅನ್ನುತ್ತದೆ ಮತ್ತು ಮೆಮೊರಿಯಲ್ಲಿ ಕೂರುತ್ತದೆ.

ಕೊರತೆಗಳನ್ನು ಒಂದೇ ಉಸಿರಿಗೆ ಹೇಳುತ್ತೇನೆ. ಸೌಂಡ್ ಬ್ಲಾಸ್ಟರ್ 16ರ ಮೋಡ್ ಇಲ್ಲ. 16 ಬಿಟ್ ಸದ್ದು ಬೇಕಾದರೆ ವಿಂಡೋಸ್ ಸೌಂಡ್ ಸಿಸ್ಟಮ್ ಮೋಡ್ ಇದೆ, ಅದನ್ನು ಬೆಂಬಲಿಸುವ ಡಾಸ್ ಆಟಗಳು ಕಡಿಮೆ. 1995ರ ನಂತರದ ಆಟಗಳೇ ನಿಮಗೆ ಇಷ್ಟವಾದರೆ ಇದನ್ನು ಬಿಡಿ, 16 ಹಿಡಿಯಿರಿ. ಬೋರ್ಡ್ ಮಾಡಿದವರು ಹಾಕಿದ ಆಂಪ್ಲಿಫೈಯರ್ ಬಗ್ಗೆ ಆಗಲೇ ಬೈದಿದ್ದೇನೆ. ಚಿಪ್ ಒಂದೇ ಆದರೂ ಬೋರ್ಡ್ ಹತ್ತಾರು ಥರ ಇರುವುದರಿಂದ ನಿಮಗೆ ಸಿಕ್ಕಿದ್ದು ನನ್ನದಕ್ಕಿಂತ ಶಾಂತವಾಗಿರಬಹುದು, ಜೋರಾಗಿಯೂ ಇರಬಹುದು. ಮೊದಲ ಸಲ ಬೂಟ್ ಆದಾಗ ಎಫ್‌ಎಂ ದನಿ ಜೋರು, ಗುಂಡಿನ ಸದ್ದು ಮೆತ್ತಗೆ ಇತ್ತು. ಮಿಕ್ಸರಿನಲ್ಲಿ ಸರಿದೂಗಿಸಲು ಒಂದು ಸಂಜೆ ಹಿಡಿಯಿತು. ಎಫ್‌ಎಂ ಅನ್ನು ಮುಕ್ಕಾಲಿಗೆ ಇಳಿಸಿ, ಸದ್ದನ್ನು ಪೂರ್ತಿ ಬಿಟ್ಟರೆ ನನ್ನ ಕಿವಿಗೆ ಸರಿ.

ಎರಡೂ ಕಾರ್ಡನ್ನು ಒಂದೇ ಮೆಷಿನ್ನಿನಲ್ಲಿ ಇಡಬಾರದೇ ಅಂತ ಅಣ್ಣ ಕೇಳಿದ. ಪ್ರಯತ್ನಿಸಿದೆ. ಸದ್ದಿನ ಪೋರ್ಟನ್ನು ಒಂದರದ್ದು 220, ಇನ್ನೊಂದರದ್ದು 240 ಮಾಡಬಹುದು. ಆದರೆ ಎರಡರ ಎಫ್‌ಎಂ ಕೂತಿರುವುದು 388ರಲ್ಲೇ. ಆಟ ಒಬ್ಬರನ್ನು ಕರೆದರೆ ಇಬ್ಬರೂ ಓಗೊಡುತ್ತಾರೆ. ದೊಡ್ಡ ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಮೇಲಿಟ್ಟೆ.

ಅದರ ಪೆಟ್ಟಿಗೆಯ ಮೇಲೆ ದೊಡ್ಡ ಹೆಸರು ಹೊಳೆಯುತ್ತಿದೆ. ಮೆಷಿನ್ನಿನೊಳಗಿನ ಕಾರ್ಡಿನ ಮೇಲೆ ಈಗಲೂ "ಮೋಡೆಮ್" ಅಂತ ಚೀಟಿ ಇದೆ. ಕಿತ್ತರೆ ಅಂಟು ಉಳಿದುಬಿಡುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ.